ನಾರ್ವೆಯ ಬೆಟ್ಟದಲ್ಲಿ ಅಕ್ಕ ಕಟ್ಟಿದ ಮನೆ

ಜಹೀರಾಬಾದಿನ ನಮ್ಮ ಮನೆಯಲ್ಲಿ ಟೀವಿಯ ಪಕ್ಕ ಒಂದು ಕಲ್ಲಿದೆ. ಅಂಗೈ ತುಂಬುವಷ್ಟು, ಬೂದು ಬಣ್ಣದ್ದು, ಒಂದು ಮಗ್ಗುಲಲ್ಲಿ ಪಾಚಿ ಒಣಗಿದ ಕಲೆ. ಬಂದವರೆಲ್ಲ ಅದೇನೆಂದು ಕೇಳಿಯೇ ಕೇಳುತ್ತಾರೆ. ಪಕ್ಕದ ಮನೆಯ ಮಹಾದೇವಮ್ಮನವರಂತೂ ಕೇಳುವ ಗೋಜಿಗೂ ಹೋಗಲಿಲ್ಲ. ಒಂದು ಶ್ರಾವಣ ಸೋಮವಾರ ಸೀದಾ ಒಳಗೆ ಬಂದು ಅದಕ್ಕೆ ವಿಭೂತಿ ಹಚ್ಚಿ, ಕೈಮುಗಿದು, ಆಮೇಲೆ ನನ್ನ ಕಡೆ ತಿರುಗಿ, "ಯಾವ ಕ್ಷೇತ್ರದ್ದರಿ ಇದು?" ಎಂದರು.

"ನಾರ್ವೇದರಿ" ಎಂದೆ.

"ಅದು ಶ್ರೀಶೈಲದ ಆಚಿಗಿ ಬರ್ತದೇನ್ರಿ?"

ಹೌದು, ಸ್ವಲ್ಪ ಆಚೆಗೇ ಬರುತ್ತದೆ ಎಂದು ಹೇಳಿ ಚಹಾಕ್ಕೆ ಇಟ್ಟೆ. ವಿಭೂತಿಯನ್ನು ನಾನು ಇನ್ನೂ ಒರೆಸಿಲ್ಲ. ಆ ಕಲ್ಲಿನ ಕತೆ ಗೊತ್ತಿದ್ದರೆ ನೀವೂ ಒರೆಸುತ್ತಿರಲಿಲ್ಲ.

ನಾನು ಬೆಟ್ಟ ಹತ್ತುವ ಪೈಕಿ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತೆಲಂಗಾಣದ ಈ ಗಡಿಯೂರಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಾನು ಮನೆಯಿಂದ ಶಾಲೆಗೆ ಆಟೋದಲ್ಲಿ ಹೋಗುತ್ತೇನೆ, ಆಟೋ ಸಿಗದಿದ್ದರೆ ಸರಕಾರವನ್ನು ಬೈಯುತ್ತೇನೆ. ಶಾಲೆಯ ಮಾಳಿಗೆ ಹತ್ತಿದರೂ ಮೊದಲು ಕುರ್ಚಿ ಹುಡುಕುವವಳು. ನಡಿಗೆ ಏನಿದ್ದರೂ ನನ್ನ ಅಕ್ಕ ಲಚ್ಚಮ್ಮನದು. ಸಿರ್ಗಾಪುರದಲ್ಲಿ ನಮ್ಮಪ್ಪ ಕುರಿ ಸಾಕಿದ್ದ. ಅಪ್ಪನ ಹಿಂದೆ ಹಿಂಡಿನ ಜೊತೆ ನಡೆದದ್ದು ಅಕ್ಕ. ನಾನು ಕಡೆಯ ಮಗಳು, ಓದುವ ಹುಡುಗಿ ಎಂಬ ನೆಪದಲ್ಲಿ ಮನೆಯಲ್ಲಿ ಕೂತು ಬೆಲ್ಲ ತಿಂದವಳು.

ಸಿರ್ಗಾಪುರದ ಹೊರಗೆ ಒಂದು ಗುಡ್ಡವಿದೆ. ಗುಡ್ಡ ಎನ್ನುವುದು ನಮ್ಮ ಪ್ರೀತಿಯ ಮಾತು. ನಾರ್ವೆಯವರು ನೋಡಿದರೆ ದಾರಿಯಲ್ಲಿ ಎಡವುವ ಉಬ್ಬು ಎಂದಾರು. ಅದರ ನೆತ್ತಿಯಲ್ಲಿ ಮಲ್ಲಯ್ಯನ ಗುಡಿ. ಗುಡಿಯ ಸುತ್ತಲೂ ಜನ ಕಲ್ಲಿನ ಮೇಲೆ ಕಲ್ಲು ಪೇರಿಸಿಟ್ಟಿರುತ್ತಾರೆ. ಸ್ವಂತ ಮನೆ ಇಲ್ಲದವರು ಮನೆ ಬೇಕೆಂದು ಬೇಡಿಕೊಂಡು ಹೀಗೆ ಇಡುವುದು. ಅವ್ವ ನಮಗೆ ಅದನ್ನು ಅಡುಗೆ ಕಲಿಸಿದಷ್ಟೇ ಶ್ರದ್ಧೆಯಿಂದ ಕಲಿಸಿದ್ದಳು. ಕೆಳಗೆ ಅಗಲವಾದದ್ದು, ಮೇಲೆ ಹೋದಂತೆ ಸಣ್ಣದು. ಇಡುವಾಗ ಮಾತಾಡಬಾರದು. ಇಟ್ಟ ಮೇಲೆ ಅದನ್ನು ಕೆಡವಬಾರದು. ಮನೆಯಾದ ಮೇಲೆ ಮಾತ್ರ ಇಟ್ಟವರೇ ಬಂದು, ಒಂದೊಂದಾಗಿ ಕಲ್ಲು ಕೆಳಗಿಳಿಸಿ, ತೆಂಗಿನಕಾಯಿ ಒಡೆದು ಹೋಗಬೇಕು. ಅದಕ್ಕೂ ಮೊದಲೇ ಇಳಿಸಿದರೆ ಬೇಡಿಕೆಯನ್ನು ನಾವೇ ಹಿಂದಕ್ಕೆ ತೆಗೆದುಕೊಂಡ ಹಾಗೆ.

ನಾನು ಇಟ್ಟದ್ದು ಒಂದೂ ನಿಲ್ಲುತ್ತಿರಲಿಲ್ಲ. ಮಾಳಿಗೆ ಮೇಲೆ ಮಾಳಿಗೆ ಕಟ್ಟುವ ಆಸೆ ನನಗೆ, ಇಡುವಾಗ ಬಾಯಿ ಮುಚ್ಚಿಕೊಂಡಿರುವುದೂ ಆಗುತ್ತಿರಲಿಲ್ಲ. ಅಕ್ಕ ಇಟ್ಟದ್ದು ಸಣ್ಣದು, ಆದರೆ ಮಳೆಗಾಲ ಕಳೆದು ಹೋಗಿ ನೋಡಿದರೂ ಹಾಗೇ ಇರುತ್ತಿತ್ತು.

ಅಕ್ಕನನ್ನು ಬಶೀರಾಬಾದಿನ ಕಡೆಯವರಿಗೆ ಕೊಟ್ಟರು. ಭಾವ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದಲ್ಲಿದ್ದ. ತಾಂಡೂರಿನಲ್ಲಿ ನೆಲ ಫರಸಿ, ಗೋಡೆ ಫರಸಿ, ಎಮ್ಮೆ ಕಟ್ಟುವ ಕೊಟ್ಟಿಗೆಯ ಮಾಡೂ ಫರಸಿ. ಊರಿಡೀ ಕಲ್ಲಿನ ಮನೆಗಳ ನಡುವೆ ಅಕ್ಕನದು ಅತ್ತೆಯ ಮನೆಯ ಒಂದು ಕೋಣೆ. ಭಾವನ ಎದೆಯಲ್ಲಿ ಕಲ್ಲಿನ ದೂಳು ಕೂತು ಅವನು ಕೆಮ್ಮಿ ಕೆಮ್ಮಿ ಹೋದ ಮೇಲೆ, ಮೈದುನನ ಮದುವೆಗೆ ಆ ಕೋಣೆ ಬೇಕಾಯಿತು. ಮಕ್ಕಳಿಲ್ಲದ ಅಕ್ಕ ಒಂದು ತಗಡಿನ ಟ್ರಂಕು ಹಿಡಿದುಕೊಂಡು ಜಹೀರಾಬಾದಿಗೆ ನಮ್ಮ ಬಾಡಿಗೆ ಮನೆಗೆ ಬಂದಳು. ಅಷ್ಟು ಹೊತ್ತಿಗೆ ಅವ್ವ ಅಪ್ಪ ಇಬ್ಬರೂ ಇರಲಿಲ್ಲ. ಸಿರ್ಗಾಪುರದ ಮನೆ ಬಿದ್ದು ಬಯಲಾಗಿ, ನಮ್ಮ ಚಿಕ್ಕಪ್ಪನ ಮಗ ಅಲ್ಲಿ ಕುರಿ ಕೂಡುತ್ತಿದ್ದ.

ಅಕ್ಕ ಬಂದ ಮರುವರ್ಷ ನಾವಿಬ್ಬರೂ ಆ ಗುಡ್ಡಕ್ಕೆ ಹೋಗಿ ಕಲ್ಲು ಇಟ್ಟೆವು. ನನ್ನದು ಎಂದಿನಂತೆ ಬಿತ್ತು, ಅವಳದು ನಿಂತಿತು. ಕೆಲವು ವರ್ಷಕ್ಕೆ ಜಹೀರಾಬಾದಿನಲ್ಲಿ ನಮ್ಮ ಸ್ವಂತ ಮನೆಯಾಯಿತು. ನನ್ನ ಗಂಡ ತಮ್ಮ ಸಾಲದ ಓಡಾಟವನ್ನೆಲ್ಲ ಮರೆತು, "ಇದು ಅಕ್ಕನ ಕಲ್ಲಿನ ಪುಣ್ಯ" ಎಂದು ಎಲ್ಲರಿಗೂ ಹೇಳಿದರು. ಅಕ್ಕ ಒಬ್ಬಳೇ ಹೋಗಿ ಕಲ್ಲು ಇಳಿಸಿ, ಕಾಯಿ ಒಡೆದು ಪ್ರಸಾದ ತಂದಳು. ನಮಗೆ ಮನೆಯಾಯಿತು ಎಂದು ನಾನು ನಿಶ್ಚಿಂತಳಾದೆ. ನಮಗೆ ಎನ್ನುವಾಗ ಅದರಲ್ಲಿ ಅಕ್ಕ ಇದ್ದಾಳೆಂದೇ ನನ್ನ ನಂಬಿಕೆ.

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ನಡೆದು ಎಲ್ಲವೂ ನಿಂತುಹೋದ ವರ್ಷ ನಾರ್ವೆಯ ಹುಡುಗಿ ಇಂಗ್ರಿಡ್ ನಮ್ಮ ಮನೆಗೆ ಬಂದಳು. ಶಾಲೆ ಬಂದ್, ಬಸ್ಸು ಬಂದ್. ನಾರಾಯಣಖೇಡದ ಡಿಪೋದಲ್ಲಿ ಬಸ್ಸುಗಳ ಗಾಲಿಯ ಸುತ್ತ ಹುಲ್ಲು ಬೆಳೆದಿತ್ತು. ನಾವು ಮೇಷ್ಟ್ರುಗಳೆಲ್ಲ ಧರಣಿ ಟೆಂಟಿನಲ್ಲಿ ಕೂತಿರುತ್ತಿದ್ದೆವು. ಬೆಳಗಾದರೆ ಪೇಪರಿನಲ್ಲಿ ಯಾವುದೋ ಊರಿನ ಎಳೆಯ ಹುಡುಗ ರಾಜ್ಯ ಬೇಕೆಂದು ಬರೆದಿಟ್ಟು ಪ್ರಾಣ ಕಳೆದುಕೊಂಡ ಸುದ್ದಿ. ಓದಲು ಬಾರದ ಅಕ್ಕ ಆ ಫೋಟೋಗಳನ್ನು ಬಹಳ ಹೊತ್ತು ನೋಡಿ, "ಇವನ ಅವ್ವ ಮನ್ಯಾಗ ಹ್ಯಾಂಗ ಕುಂತಾಳೋ" ಎನ್ನುತ್ತಿದ್ದಳು. ಆ ಫೋಟೋಗಳಿದ್ದ ಪೇಪರನ್ನು ಅವಳು ರೊಟ್ಟಿಯ ಬುಟ್ಟಿಗೆ ಹಾಸುತ್ತಿರಲಿಲ್ಲ, ಮಡಿಚಿ ತನ್ನ ಟ್ರಂಕಿನಲ್ಲಿಡುತ್ತಿದ್ದಳು.

ಒಂದು ದಿನ ಊರವರೆಲ್ಲ ಸೇರಿ ಬೊಂಬಾಯಿ ರಸ್ತೆಯ ಮೇಲೆ ಅಡುಗೆ ಮಾಡಿ ಅಲ್ಲೇ ಉಣ್ಣುವ ಚಳವಳಿ. ಅಕ್ಕ ಮೂರು ಕಲ್ಲು ಹುಡುಕಿ ತಂದು, ಡಾಂಬರಿನ ಮೇಲೆ ಒಲೆ ಹೂಡಿ, ಕಟ್ಟಿಗೆ ಒಟ್ಟಿ ಕೂತಳು. ಅವಳ ಮುಖದಲ್ಲಿ ಅಂದು ಕಂಡ ಕಳೆಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಯಾರಿಗೆ ಎಷ್ಟು ಬಡಿಸಬೇಕು, ಯಾರು ಎಲ್ಲಿ ಕೂಡಬೇಕು ಎಂದು ಅಪ್ಪಣೆ ಮಾಡುತ್ತಿದ್ದಳು. ನಮ್ಮ ಜೊತೆಯ ಮೇಷ್ಟ್ರೊಬ್ಬರು ತಮಾಷೆಗೆ, "ನೀವು ಕನ್ನಡದವರು, ನಿಮಗ್ಯಾಕ್ರಿ ತೆಲಂಗಾಣ?" ಎಂದರು.

ಅಕ್ಕ ಸೌಟು ಎತ್ತಿದವಳು ಹಾಗೇ ನಿಂತಳು. "ನಮ್ಮ ಮನಿ ನಮಗ ಬೇಕಂತ ಕೇಳಾಕ ಯಾ ಮಾತಾದ್ರ ಏನ್ರಿ?"

ಮೇಷ್ಟ್ರು ನಕ್ಕು ತಟ್ಟೆ ಚಾಚಿದರು. ನಾನೂ ನಕ್ಕೆ.

ನಮ್ಮ ಹಳ್ಳಿಗಳ ಹಳೆಯ ಕಾಲದ ಧಾನ್ಯದ ತಳಿಗಳನ್ನು ಅಭ್ಯಾಸ ಮಾಡಲು ನಾರ್ವೆಯಿಂದ ಬಂದಿದ್ದ ಇಂಗ್ರಿಡ್ ಆವತ್ತು ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗಿನ ಮೇಲೆ ಕೂತು ಬಾರದ ಬಸ್ಸಿಗೆ ಕಾಯುತ್ತಿದ್ದಳು. ನಾನು ಉಂಡು ಧರಣಿ ಟೆಂಟಿಗೆ ಹೋದ ಮೇಲೆ ಅಕ್ಕ ಅವಳನ್ನು ಕೈಹಿಡಿದು ಎಬ್ಬಿಸಿ, ರಸ್ತೆಯ ಮೇಲೆ ಕೂಡಿಸಿ ಉಣ್ಣಿಸಿ, ಮನೆಗೆ ಕರೆದುಕೊಂಡು ಹೋದಳಂತೆ. ನಾನು ಧರಣಿ ಮುಗಿಸಿ ಸಂಜೆ ಬಂದು ನೋಡಿದರೆ ಆ ಹುಡುಗಿ ಗೇಟಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಬಿಸಿಲಿಗೆ ಮುಖ ಕೆಂಡವಾಗಿದೆ. ಅಕ್ಕ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಾಳೆ. ಮನೆಯ ಕೀಲಿ ಅಕ್ಕನ ಸೊಂಟದಲ್ಲೇ ಇದೆ!

"ಒಳಗ ಯಾಕ ಕರೀಲಿಲ್ಲಕ್ಕ?" ಎಂದು ರೇಗಿದೆ.

"ನೀ ಬಂದು ಕರೀಲಿ ಅಂತ ಕುಂತೀನಿ" ಎಂದಳು.

ಅಕ್ಕನ ಹಳ್ಳಿಯ ಸಂಕೋಚ ಎಂದುಕೊಂಡು ಬಾಗಿಲು ತೆಗೆದೆ. ನಾನು ಬನ್ನಿ ಎಂದ ಕೂಡಲೇ ಅಕ್ಕ ಒಳಗೆ ಓಡಿ ನೀರು ತಂದಳು, ಹಾಸಿಗೆ ಹಾಸಿದಳು. ಮುಷ್ಕರ ಮುಗಿಯುವವರೆಗೂ ಇಂಗ್ರಿಡ್ ನಮ್ಮಲ್ಲೇ ಇದ್ದಳು. ಬಸ್ಸಿಲ್ಲದ್ದಕ್ಕೆ ಸುತ್ತಲ ಹಳ್ಳಿಗಳಿಗೆಲ್ಲ ಅಕ್ಕನ ಜೊತೆ ನಡೆದೇ ಹೋದಳು. ಅಕ್ಕ ಅವಳನ್ನು ಇಂಗಮ್ಮ ಎಂದಳು, ಅವಳು ಅಕ್ಕನನ್ನು ಅಕ್ಕ ಎಂದಳು. ಹೊರಡುವ ದಿನ, "ಇಷ್ಟು ಚೆನ್ನಾಗಿ ನಡೆಯುವವರು ನಮ್ಮ ಬೆಟ್ಟಗಳಲ್ಲಿ ಒಮ್ಮೆ ನಡೆಯಲೇಬೇಕು" ಎಂದಳು. ಹೊರಡುವವರು ಏನೇನೋ ಹೇಳುತ್ತಾರೆ, ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಫೋನು ಬಂತು. ಅಕ್ಕನ ಖರ್ಚು ತನ್ನದು, ಅಕ್ಕನ ಮಾತು ತನಗೆ ತಿಳಿಯಬೇಕಾದರೆ ನಾನೂ ಬರಬೇಕು ಎಂದಳು.

ಪಾಸ್‌ಪೋರ್ಟಿಗೆ ವಿಚಾರಣೆ ಮಾಡಲು ಬಂದ ಪೊಲೀಸಪ್ಪ ಅಕ್ಕನಿಗೆ ದಖನಿಯಲ್ಲಿ, "ಯೇ ಘರ್ ಕಿಸ್ಕಾ ಹೈ ಅಮ್ಮಾ?" ಎಂದು ಮನೆ ಯಾರದೆಂದು ಕೇಳಿದ. ಅಕ್ಕ ಥಟ್ಟನೆ, "ತಂಗೀದರಿ" ಎಂದಳು. ನಾನು ನಡುವೆ ಬಾಯಿ ಹಾಕಿ, "ನಮ್ಮದೇ, ಇಬ್ಬರದೂ" ಎಂದೆ. ಅಕ್ಕ ಅವನಿಗೆ ಚಹಾ ತಂದುಕೊಟ್ಟಳು.

ಆಷಾಢ ಮಾಸದಲ್ಲಿ ಹೊಸ ಸೊಸೆಯಂದಿರು ತವರಿಗೆ ಹೋಗುತ್ತಾರಲ್ಲ, ಅದೇ ಆಷಾಢದಲ್ಲಿ ನಾವು ಹಳೆಯ ಹೆಂಗಸರಿಬ್ಬರು ನಾರ್ವೆಗೆ ಹೋದೆವು. ವಿಮಾನ, ರೈಲು, ಆಮೇಲೆ ಬಸ್ಸು. ಬಸ್ಸು ಇಳಿದ ಮೇಲೆ ಕಣ್ಣು ಹೋದಷ್ಟೂ ಬೆಟ್ಟ. ಮರವಿಲ್ಲ, ಬರೀ ಕಲ್ಲು, ಹುಲ್ಲು, ನೀರು. ಎತ್ತರದಲ್ಲಿ ಅಲ್ಲಲ್ಲಿ ಕರಗದೆ ಉಳಿದ ಮಂಜುಗಡ್ಡೆ. ಅಕ್ಕ ಸೀರೆಯ ಮೇಲೆ ಸ್ವೆಟರ್ ಹಾಕಿ, ಇಂಗ್ರಿಡ್ ಕೊಟ್ಟ ದಪ್ಪ ಬೂಟು ತೊಟ್ಟು, ಸೀರೆಯನ್ನು ಮೊಣಕಾಲಿನವರೆಗೆ ಕಚ್ಚೆ ಕಟ್ಟಿ ಹೊರಟಳು. ಎದುರಿಗೆ ಬಂದವರು ನಿಂತು ನಮಸ್ಕಾರ ಮಾಡಿ ಹೋಗುತ್ತಿದ್ದರು. ನನಗೆ ಯಾರೂ ಮಾಡಲಿಲ್ಲ. ನಾನು ಎಲ್ಲಾದರೂ ಬಂಡೆಯ ಮೇಲೆ ಕೂತಿರುತ್ತಿದ್ದೆ.

ಬೆಟ್ಟದ ತುಂಬ ಕೊರಳಿಗೆ ಗಂಟೆ ಕಟ್ಟಿದ ಕುರಿಗಳು, ಕಾಯುವವರು ಯಾರೂ ಇಲ್ಲ. ಅಕ್ಕನಿಗೆ ಅದೊಂದು ಸಹಿಸಲಾಗದ ಸಂಗತಿ. "ಏ ತಂಗಿ, ಇವುಗಳ ಕುರುಬ ಎಲ್ಲಿ ಹೋಗ್ಯಾನ? ಹಿಂಗ ಬಿಟ್ಟಾರಲ್ಲ, ಸಂಜಿಗಿ ಯಾರ ಮನಿಗಿ ಹೋಗಬೇಕಿವು?" ಎಂದಳು. ಬೇಸಗೆ ಮುಗಿದ ಮೇಲೆ ಒಡೆಯರು ಬಂದು ಹುಡುಕಿ ಕರೆದೊಯ್ಯುತ್ತಾರೆ ಎಂದು ಇಂಗ್ರಿಡ್ ಹೇಳಿದಳು. ಅಕ್ಕ ನಾಲಿಗೆ ಮಡಚಿ ಅಪ್ಪನ ಹಾಗೆ ಕೂಗು ಹಾಕಿದಳು. ಕುರಿಗಳು ತಲೆಯೆತ್ತಿ ಅವಳನ್ನೇ ನೋಡಿದವು. ಅಪ್ಪನ ಕೂಗನ್ನು ಅಷ್ಟು ವರ್ಷದ ಮೇಲೆ ಅಷ್ಟು ದೂರದಲ್ಲಿ ಕೇಳಿ ನಾನು ಬಂಡೆಯಿಂದ ಎದ್ದು ನಿಂತೆ.

ನಾವು ಇಳಿದುಕೊಂಡ ಹೋಟೆಲು ಬೆಟ್ಟದ ನಡುವಿನ ಹಳೆಯ ಮರದ ಕಟ್ಟಡ. ಅದನ್ನು ನಡೆಸುತ್ತಿದ್ದವರು ಮಾರಿತ್ ಎಂಬ ಮುದುಕಿ. ನೆಟ್ಟಗಿನ ಬೆನ್ನು, ಬಿಳಿಯ ಕೂದಲು, ಮಾತು ಕಡಿಮೆ. ಬೂಟು ಬಾಗಿಲಲ್ಲೇ ಬಿಡಬೇಕು ಎಂಬ ಅವರ ಕಟ್ಟಪ್ಪಣೆ ಅಕ್ಕನಿಗೆ ಬಹಳ ಹಿಡಿಸಿತು. ಒಳಗೆ ಎಲ್ಲರೂ ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಓಡಾಡುತ್ತಿದ್ದರು. ದೊಡ್ಡ ಬೆಂಕಿಗೂಡು, ಅದರ ಸುತ್ತ ಕುರ್ಚಿ, ಕುರ್ಚಿಗೊಂದು ಕಂಬಳಿ. ಬೆಳಗ್ಗೆ ತಿಂಡಿಯ ಮೇಜಿನಿಂದಲೇ ಮಧ್ಯಾಹ್ನಕ್ಕೂ ಕಾಗದದಲ್ಲಿ ಕಟ್ಟಿಕೊಂಡು ಹೋಗಬೇಕು, ನಮ್ಮ ಬುತ್ತಿಯ ಹಾಗೆ. ಒಣ ರೊಟ್ಟಿಯನ್ನು ಹೋಲುವ ಒಂದು ತಿನಿಸಿತ್ತು. ಸೀದ ಖೋವಾದ ರುಚಿಯ ಕಂದು ಬಣ್ಣದ ಚೀಸ್ ಇತ್ತು. ನಾನು ಅದನ್ನು ತಿಂದು ದಪ್ಪಗಾಗಿ ಬಂದೆ.

ಅಕ್ಕನಿಗೆ ಮಾತ್ರ ಸುಮ್ಮನೆ ಕೂತು ಉಣ್ಣಲು ಆಗಲಿಲ್ಲ. ಮೊದಲ ಬೆಳಗ್ಗೆಯೇ ಹಾಸಿಗೆ ಮಡಿಚಿಟ್ಟು, ಕೋಣೆ ಒರೆಸಿ, ಅಡುಗೆಮನೆಗೆ ಹೋಗಿ ಲೋಟ ತೊಳೆಯಲು ನಿಂತಿದ್ದಳು. ಮಾರಿತ್ ಅವಳ ಕೈಯಿಂದ ಲೋಟ ತೆಗೆದುಕೊಂಡು, ತೋಳು ಹಿಡಿದು ಬೆಂಕಿಯ ಮುಂದಿನ ಕುರ್ಚಿಯಲ್ಲಿ ಕೂಡಿಸಿ ಕಂಬಳಿ ಹೊದಿಸಿದರು. ಅಕ್ಕ ಅಲ್ಲಿ ಪರೀಕ್ಷೆಗೆ ಕೂತವಳ ಹಾಗೆ ಕೂತಳು. ಇಷ್ಟು ವರ್ಷ ನಮ್ಮ ಮನೆಯಲ್ಲೂ ಅವಳು ಕೂತದ್ದು ಅಷ್ಟಕ್ಕಷ್ಟೇ. ಕೆಲಸ ಅವಳ ಸ್ವಭಾವ ಎಂದು ನಾನು ಹೊಗಳಿಕೊಂಡು ತಿರುಗಿದ್ದೆ.

ಅಲ್ಲಿಯ ಬೆಟ್ಟಗಳಲ್ಲಿ ದಾರಿ ತೋರಿಸಲು ಅಲ್ಲಲ್ಲಿ ಕಲ್ಲಿನ ಗುಪ್ಪೆಗಳಿರುತ್ತವೆ. ಕೆಲವಕ್ಕೆ ಕೆಂಪು ಬಣ್ಣದ ಗುರುತು ಬಳಿದಿರುತ್ತಾರೆ. ಮಂಜು ಮುಚ್ಚಿದಾಗ ಒಂದು ಗುಪ್ಪೆಯಿಂದ ಇನ್ನೊಂದು ಗುಪ್ಪೆ ಹುಡುಕಿಕೊಂಡು ನಡೆಯಬೇಕು. ಇಂಗ್ರಿಡ್ ಇದನ್ನು ನನಗೆ ಹೇಳಿದ್ದಳು. ಅಕ್ಕನಿಗೆ ಹೇಳಬೇಕೆಂದು ನನಗೂ ಅವಳಿಗೂ ಹೊಳೆಯಲಿಲ್ಲ. ಅಕ್ಕ ನಮಗಿಂತ ಎಷ್ಟೋ ಮುಂದೆ ನಡೆಯುತ್ತಿದ್ದಳು, ಇಂಗ್ರಿಡ್ ನನ್ನನ್ನು ಎಬ್ಬಿಸಿಕೊಂಡು ಹಿಂದೆ ಬರುತ್ತಿದ್ದಳು. ಹಾಗೆ ಒಂದು ದಿನ ಏರು ಹತ್ತಿ ದಾರಿ ಎರಡಾಗುವ ಕಡೆ ಬಂದರೆ ಅಕ್ಕ ಮೊಣಕಾಲೂರಿ ಕೂತಿದ್ದಳು, ನಮ್ಮನ್ನು ಕಂಡು ಕೈ ಕೊಡವಿಕೊಂಡು ಎದ್ದಳು. ಅವಳ ಮುಂದೆ ಕಲ್ಲಿನ ಗುಪ್ಪೆ ಇತ್ತು. ಆ ಬೆಟ್ಟದ ತುಂಬ ಗುಪ್ಪೆಗಳೇ, ನಾನು ಅದನ್ನು ನೋಡಿಯೂ ನೋಡಲಿಲ್ಲ. "ಬುತ್ತಿ ಬಿಚ್ಚೋಣೇನಕ್ಕ?" ಎಂದೆ. ಅವಳು ಮಾತಾಡದೆ ತಲೆಯಾಡಿಸಿದಳು.

ಮರುದಿನ ಮಧ್ಯಾಹ್ನ ಮಂಜು ಇಳಿಯಿತು. ರಾತ್ರಿ ಊಟದ ಹೊತ್ತಿಗೆ ಹೋಟೆಲಿಗೆ ಬರಬೇಕಾಗಿದ್ದ ಗಂಡ ಹೆಂಡತಿ ಇಬ್ಬರು ಬರಲಿಲ್ಲ. ಮಾರಿತ್ ಕಿಟಕಿಯ ಹತ್ತಿರ ಹೋಗಿ ಬಂದು ಮಾಡುತ್ತಿದ್ದರು. ಕೊನೆಗೆ ಅವರು ಬಂದಾಗ ಸೊಂಟದವರೆಗೆ ಒದ್ದೆಯಾಗಿದ್ದರು, ಹೆಂಗಸಿನ ತುಟಿ ನೀಲಿಗಟ್ಟಿತ್ತು. ದಾರಿ ಎರಡಾಗುವಲ್ಲಿ ಹೊಸದೊಂದು ಗುಪ್ಪೆ ಕಂಡು ಅದರ ಕಡೆಗೆ ತಿರುಗಿದರಂತೆ. ಅದು ಹೋಟೆಲಿನ ದಾರಿಯಲ್ಲ, ಜೌಗು ದಾಟಿ ಕೆರೆಗೆ ಹೋಗುವ ದಾರಿ. ಅವರಿಗೆ ಕಂಬಳಿ ಹೊದಿಸಿ, ಬಿಸಿ ಗಂಜಿ ಕೊಟ್ಟು ಬೆಂಕಿಯ ಹತ್ತಿರ ಕೂಡಿಸಿದ ಮೇಲೆ ಮಾರಿತ್ ಎಲ್ಲರ ಕಡೆ ತಿರುಗಿ, ಆ ಗುಪ್ಪೆಯನ್ನು ಇಟ್ಟವರು ಯಾರು ಎಂದು ಕೇಳಿದರು. ದನಿ ಎತ್ತರಿಸಲಿಲ್ಲ, ಆದರೆ ಎಲ್ಲರೂ ಚಮಚ ಕೆಳಗಿಟ್ಟರು.

ನಾನು ಅಕ್ಕನಿಗೆ ಮೆಲ್ಲಗೆ ಕನ್ನಡದಲ್ಲಿ ವಿಷಯ ಹೇಳಿದೆ. ಅವಳು ಒದ್ದೆಯಾಗಿ ಬಂದ ಆ ಹೆಂಗಸನ್ನು ನೋಡಿದಳು. ಬಿಳಿಚಿಕೊಂಡು ಎದ್ದು ನಿಂತು ಅವರಿಬ್ಬರಿಗೂ ಕೈಮುಗಿದಳು.

"ನಾ ಇಟ್ಟೀನ್ರಿ. ತಪ್ಪಾತ್ರಿ. ನಮ್ಮ ಕಡಿ ಹಂಗ ಇಡ್ತಾರ. ನನಗ ತಿಳೀಲಿಲ್ಲರಿ."

ನಾನು ಇಂಗ್ಲಿಷಿಗೆ ತಂದೆ, ಇಂಗ್ರಿಡ್ ಅದನ್ನು ನಾರ್ವೆಯ ಭಾಷೆಯಲ್ಲಿ ಹೇಳಿದಳು. ನಿಮ್ಮ ಕಡೆ ಯಾತಕ್ಕೆ ಇಡುತ್ತಾರೆ ಎಂದು ಮಾರಿತ್ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಆದರೂ ಅಕ್ಕನನ್ನೇ ಕೇಳಿದೆ.

ಅಕ್ಕ ತನ್ನ ಕಾಲುಚೀಲ ನೋಡುತ್ತ ಹೇಳಿದಳು. "ನನಗೊಂದು ಮನಿ ಬೇಕು ಅಂತ ಬೇಡಕೊಂಡೀನಿ."

ಜೀವಮಾನವೆಲ್ಲ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನನಗೆ ಆ ಒಂದು ವಾಕ್ಯವನ್ನು ಹೇಳುವುದು ಕಷ್ಟವಾಯಿತು. ಹೇಳಿದೆ. ಇಂಗ್ರಿಡ್ ಆಶ್ಚರ್ಯದಿಂದ, "ಆದರೆ ಅಕ್ಕ ನಿನ್ನ ಮನೆಯಲ್ಲೇ ಇದ್ದಾಳಲ್ಲ?" ಎಂದಳು. ಅವಳು ಕೇಳಿದ್ದರಲ್ಲಿ ಏನೂ ತಪ್ಪಿಲ್ಲ. ಅದನ್ನು ಮಾತ್ರ ನಾನು ಕನ್ನಡಕ್ಕೆ ತರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ತರುವ ಅಗತ್ಯವೂ ಇರಲಿಲ್ಲ.

"ಮುಂಜಾನಿ ಹೋಗಿ ಇಳಿಸಿ ಬರ್ತೀನಿ ಅಂತ ಹೇಳು ಅವರಿಗಿ" ಎಂದಳು.

"ಇಳಿಸಬಾರ್ದು ಅಂತಿದ್ಳಲ್ಲಕ್ಕ ಅವ್ವ?"

"ಮಂದಿ ಕೆರ್ಯಾಗ ಬಿದ್ದು ಸಾಯಬೇಕೇನು ನನ್ನ ಮನಿ ಸಲುವಾಗಿ?"

ನಾನು ಇದನ್ನೂ ಹೇಳಿದೆ, ಇಳಿಸಿದರೆ ಏನರ್ಥ ಎಂಬುದನ್ನೂ ಹೇಳಿದೆ. ಮಾರಿತ್ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು. ಯಾರ ಮೇಲಾದರೂ ಸಿಟ್ಟು ಬರಲೇಬೇಕಾಗಿತ್ತು.

ಬೆಳಗ್ಗೆ ನಾವು ಹೊರಡುವಾಗ ಮಾರಿತ್ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಂದು ದಾರಿಯುದ್ದಕ್ಕೂ ನಾನು ಎಲ್ಲೂ ಕೂಡಲಿಲ್ಲ. ಅಕ್ಕನ ಗುಪ್ಪೆ ಮಂಜಿನಲ್ಲಿ ಒದ್ದೆಯಾಗಿ ನಿಂತಿತ್ತು. ಸಣ್ಣದು, ಭದ್ರವಾದದ್ದು, ಸಿರ್ಗಾಪುರದ ಗುಡ್ಡದಲ್ಲಿ ನಿಲ್ಲುತ್ತಿದ್ದಂಥದ್ದೇ. ಅಕ್ಕ ಅದರ ಮುಂದೆ ಕೂತು ಮೇಲಿನ ಕಲ್ಲಿಗೆ ಕೈ ಹಾಕಿದಳು. ಎತ್ತಲಿಲ್ಲ. ಕೈ ಅಲ್ಲೇ ಇತ್ತು.

ಆಗ ಮಾರಿತ್ ಅವಳ ಪಕ್ಕ ಮೊಣಕಾಲೂರಿ ಕೂತು, ತಮ್ಮ ಚೀಲದ ಬಾಯಿ ಬಿಚ್ಚಿ ನೆಲದ ಮೇಲಿಟ್ಟರು. ಇಂಗ್ರಿಡ್ ಅವರ ಮಾತನ್ನು ನನಗೆ ಹೇಳಿದಳು, ನಾನು ಅಕ್ಕನಿಗೆ ಹೇಳಿದೆ. ಇದನ್ನು ಕೆಡವುವುದು ಬೇಡ, ಹೊತ್ತುಕೊಂಡು ಹೋಗೋಣ, ನನ್ನ ಬಾಗಿಲ ಹತ್ತಿರ ಇದೇ ಕ್ರಮದಲ್ಲಿ ಮತ್ತೆ ಇಡಲಿ, ಎಂದು. ಅಲ್ಲಿಯಾದರೆ ಯಾರೂ ದಾರಿ ತಪ್ಪುವುದಿಲ್ಲವೇ ಎಂದು ಅಕ್ಕ ಕೇಳಿಸಿದಳು. ಮಾರಿತ್ ಮೊದಲ ಸಲ ನಕ್ಕರು. ಬಾಗಿಲಿಗೆ ಬಂದ ಮೇಲೆ ತಪ್ಪಲು ದಾರಿ ಎಲ್ಲಿ ಉಳಿದಿರುತ್ತದೆ ಎಂದರು.

ದೊಡ್ಡ ಕಲ್ಲುಗಳು ಮಾರಿತ್ ಅವರ ಚೀಲಕ್ಕೆ ಹೋದವು. ಉಳಿದವನ್ನು ಅಕ್ಕ ಸೆರಗು ಒಡ್ಡಿ ಉಡಿಯಲ್ಲಿ ಹಾಕಿಕೊಂಡಳು, ಬಾಗಿನ ತೆಗೆದುಕೊಳ್ಳುವವಳ ಹಾಗೆ. ಎರಡೂ ಕೈಯಲ್ಲಿ ಉಡಿ ಹಿಡಿದು ಆ ಇಳಿಜಾರನ್ನು ಇಳಿದಳು. ಹೊರಲು ಕೇಳಿದರೆ ನನಗೆ ಒಂದನ್ನೂ ಕೊಡಲಿಲ್ಲ. ಹೋಟೆಲಿನ ಬಾಗಿಲ ಎಡಕ್ಕೆ, ಸೂರಿನ ಕೆಳಗೆ ಮತ್ತೆ ಇಟ್ಟಳು. ನಾವು ಮೂವರೂ ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಎಲ್ಲ ಮುಗಿದ ಮೇಲೆ ಒಂದು ಕಲ್ಲು ಅವಳ ಕೈಯಲ್ಲೇ ಉಳಿಯಿತು. ಬೆಟ್ಟದ ಮೇಲೆ ನೆತ್ತಿಗಿದ್ದದ್ದು, ಇಲ್ಲಿ ಅದು ಕೂಡಲಿಲ್ಲ. ಅದನ್ನು ಅವಳು ಸ್ವೆಟರಿನಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಆ ಮಧ್ಯಾಹ್ನ ಬೆಂಕಿಯ ಮುಂದೆ ನಾವಿಬ್ಬರೇ ಕೂತಿದ್ದಾಗ ಕೇಳಿದೆ. "ನನ್ನ ಮನಿ ನಿನ್ನ ಮನಿ ಅಲ್ಲೇನಕ್ಕ? ನಾ ಏನರ ಕಡಿಮಿ ಮಾಡೀನೇನು?"

"ಎಲ್ಲೀದು ಕಡಿಮಿ! ಹೊಟ್ಟಿಗಿ ಬಟ್ಟಿಗಿ, ಮಾತಿಗಿ, ಯಾತಕ್ಕ ಕಡಿಮಿ ಮಾಡಿ ನೀ? ನಿನ್ನ ಗಂಡ ದೇವರಂಥಾ ಮನಷ್ಯಾ." ಅವಳು ಬೆಂಕಿಗೆ ಒಂದು ಕಟ್ಟಿಗೆ ಹಾಕಿದಳು. "ಆದ್ರ ತಂಗಿ, ನಿನ್ನ ಬಾಗಿಲಿಗಿ ಯಾರರ ಬಂದ್ರ ನಾ ನೀರು ಕೊಡಬಲ್ಲೆ, ರೊಟ್ಟಿ ಬಡದು ಹಾಕಬಲ್ಲೆ. ಬಾ ಅಂತ ಅನ್ನಾಕ ಬರಲ್ಲ. ಅದು ನೀ ಅನ್ನಬೇಕು. ತಾಂಡೂರಿನ್ಯಾಗೂ ಅತ್ತಿ ಅನ್ನಬೇಕಿತ್ತು. ಹುಟ್ಟಿದಾಗಿಂದ ನಾ ಯಾರಿಗೂ ನಮ್ಮ ಮನಿಗಿ ಬಾ ಅಂತ ಅಂದಿಲ್ಲ ನೋಡು. ಒಂದು ಸಲ ಅಂದು ಸಾಯಬೇಕು ಅಂತದ."

ಗೇಟಿನ ಮೆಟ್ಟಿಲ ಮೇಲೆ ಕೆಂಪಾಗಿ ಕೂತಿದ್ದ ಇಂಗ್ರಿಡ್ ನನಗೆ ನೆನಪಾದಳು, ಅವಳ ಪಕ್ಕದಲ್ಲಿ ಕೀಲಿ ಸಿಕ್ಕಿಸಿಕೊಂಡು ಕೂತ ಅಕ್ಕನೂ. ನಾನು ಅತ್ತೆ. ಅಕ್ಕ ಅಳಲಿಲ್ಲ. ತನ್ನ ಕಂಬಳಿಯ ಅರ್ಧವನ್ನು ನನ್ನ ಕಾಲ ಮೇಲೆ ಎಳೆದಳು.

ಊರಿಗೆ ಬಂದ ಮೇಲೆ ಸಿರ್ಗಾಪುರದ ಆ ಬಯಲು ಜಾಗವನ್ನು ಅಕ್ಕನ ಹೆಸರಿಗೆ ಮಾಡಿದೆವು. ಚಿಕ್ಕಪ್ಪನ ಮಗ ಕುರಿಗಳನ್ನು ಬೇರೆ ಕಡೆಗೆ ಕೂಡಿದ. ಕೆಲಸ ನಿಲ್ಲುತ್ತ ನಡೆಯುತ್ತ ಸಾಗಿತು. ಇವತ್ತು ಬಂದ್ ಅಂದರೆ ನಾಳೆ ಮೇಸ್ತ್ರಿ ಮೆರವಣಿಗೆಗೆ ಹೋಗ್ಯಾನ. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಕಟ್ಟೆ. ನೆಲಕ್ಕೆ ತಾಂಡೂರಿನ ಫರಸಿ. ಅದನ್ನು ಅಕ್ಕನೇ ಹೋಗಿ ಆರಿಸಿ ತಂದಳು. ಭಾವನ ಎದೆಗೆ ಕೂತ ಕಲ್ಲು ಬೇಡ ಎಂದು ನಾನು ಅಂದರೆ, "ಅಂವ ಅಂತೂ ನನ್ನ ಮನಿಗಿ ಬರಾಕ ಆಗಲ್ಲ. ಅಂವ ತಿಕ್ಕಿದಂಥಾ ಕಲ್ಲರ ಬರಲಿ" ಎಂದಳು. ರಾಜ್ಯವಾದ ವರ್ಷವೇ ಅಕ್ಕನ ಮನೆಯೂ ಮುಗಿಯಿತು. ಪಟಾಕಿ ಹಾರಿಸಿದ್ದು ರಾಜ್ಯಕ್ಕೆ. ಅಕ್ಕ ಆ ಸದ್ದಿನಲ್ಲಿ ಟ್ರಂಕಿನಿಂದ ಆ ಹುಡುಗರ ಫೋಟೋ ಇದ್ದ ಹಳೆಯ ಪೇಪರುಗಳನ್ನು ತೆಗೆದು, ಒರೆಸಿ, ಹೊಸ ಮನೆಯ ಗೂಡಿನಲ್ಲಿಟ್ಟು ದೀಪ ಹಚ್ಚಿದಳು.

ಇನ್ನು ಹರಕೆಯ ಕಲ್ಲು ಇಳಿಸಬೇಕಲ್ಲ. ಅಷ್ಟು ದೂರ ಮತ್ತೆ ಹೋಗುವುದು ಯಾರಿಂದ ಆಗುತ್ತದೆ? ನನ್ನ ಫೋನಿನಿಂದ ಅಕ್ಕ ಇಂಗ್ರಿಡ್‌ಗೆ ಹೇಳಿದಳು, "ಇಂಗಮ್ಮ, ಮನಿ ಆತು. ಆ ಮುದಕಿಗಿ ಹೇಳು, ನನ್ನ ಹೆಸರ್ಲೆ ಕಲ್ಲ ಇಳಸಲಿ." ಮಾರಿತ್ ಒಂದೊಂದಾಗಿ ಇಳಿಸಿ ಬಾಗಿಲ ಪಕ್ಕದಲ್ಲಿ ಸಾಲಾಗಿ ಇಟ್ಟರಂತೆ. ಅಲ್ಲಿ ತೆಂಗಿನಕಾಯಿ ಸಿಗುವುದಿಲ್ಲ, ಅದಕ್ಕೆ ಒಂದು ಒಣ ರೊಟ್ಟಿ ಮುರಿದರಂತೆ. ತಾನು ತಂದಿದ್ದ ಕಲ್ಲನ್ನು ಅಕ್ಕ ನನ್ನ ಕೈಗೆ ಕೊಟ್ಟು, "ಇದು ಅದರ ಗುಡ್ಡಕ್ಕ ಹೋಗಾಕ ಆಗಲ್ಲ. ನಿನ್ನ ಮನ್ಯಾಗ ಇರಲಿ. ನನಗಿನ್ನ ಬ್ಯಾಡ" ಎಂದಳು. ಅದೇ ಟೀವಿಯ ಪಕ್ಕದಲ್ಲಿರುವುದು.

ಅಕ್ಕ ಅಲ್ಲಿಗೆ ಹೋಗಿ ಇದ್ದ ಮೇಲೆ ಒಂದು ಭಾನುವಾರ ನಾನು ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ ಸಿರ್ಗಾಪುರಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ರೊಟ್ಟಿ ಬಡಿಯುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಎಂದಿನ ರೂಢಿಯಲ್ಲಿ ಸೀದಾ ಒಳಗೆ ನುಗ್ಗಬೇಕಾಗಿದ್ದವಳು ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತೆ. ಕೆಮ್ಮಿದೆ.

ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಅಕ್ಕ ಅಡುಗೆಮನೆಯಿಂದ ಇಣುಕಿದಳು. "ಏ, ನೀನಾ? ಯಾಕ ಅಲ್ಲೇ ನಿಂತಿ?"

ಅವಳು ನನ್ನನ್ನೂ ಹೊಸ್ತಿಲನ್ನೂ ನೋಡಿದಳು. ಆಮೇಲೆ ಅವಳಿಗೆ ತಿಳಿಯಿತು. ಒಳಗೆ ಹೋದಳು, ಕೈ ತೊಳೆದುಕೊಂಡಳು, ಸೆರಗು ಸರಿ ಮಾಡಿಕೊಂಡು ತಲೆಯ ಮೇಲೆ ಎಳೆದುಕೊಂಡಳು. ಹೊರಗಿನ ಕೋಣೆಗೆ ಬಂದು ಗೋಡೆಗೆ ನಿಲ್ಲಿಸಿದ್ದ ಚಾಪೆಯನ್ನು ಬಿಡಿಸಿ ಹಾಸಿದಳು. ಅದರ ಒಂದು ಮೂಲೆ ಸುರುಳಿ ಸುತ್ತಿಕೊಂಡಿತ್ತು, ಅದನ್ನು ಕಾಲಿನಿಂದ ಒತ್ತಿ ಸರಿ ಮಾಡಿದಳು. ಅಷ್ಟೆಲ್ಲ ಆಗುವವರೆಗೂ ನಾನು ಬಿಸಿಲಿನಲ್ಲಿ ನಿಂತೇ ಇದ್ದೆ.

ಅಕ್ಕ ಬಾಗಿಲಿಗೆ ಬಂದಳು.

"ಬಾ ತಂಗಿ" ಎಂದಳು. "ಬಾ, ನಮ್ಮ ಮನಿಗಿ ಬಾ."